ಅಧ್ಯಕ್ಷರಿಗೆ ಬೆನ್ನು ತೋರಿಸಿದ ಬಾತುಗಳು

ಸಾಗರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಬೋರ್ಡ್ ಬರೆಯುತ್ತಿದ್ದ ಭೂತಪ್ಪನಿಗೆ ಸಿಟ್ಟು ಬರಲು ವಿಶೇಷ ಕಾರಣ ಬೇಕಾಗುತ್ತಿರಲಿಲ್ಲ. ಗಿರಾಕಿ ಬಂದರೆ ಸಾಕಿತ್ತು. ಬಂದವರೆಲ್ಲ ಒಂದೇ ಮಾತು ಆಡುತ್ತಿದ್ದರು: "ಇನ್ನೊಂದ್ ಸ್ವಲ್ಪ ಚೆಂದ ಮಾಡಿ." ಹೋಟೆಲಿನವನಿಗೆ ಕಾವಲಿಯ ಮೇಲಿನ ದೋಸೆಗಿಂತ ಬೋರ್ಡಿನ ದೋಸೆ ದೊಡ್ಡದಿರಬೇಕು. ಬಸ್ಸಿನ ಮಾಲೀಕನಿಗೆ ಹಿಂಭಾಗದಲ್ಲಿ ಹುಲಿ ಬೇಕು, ಆದರೆ ಹೆಂಗಸರು ಮಕ್ಕಳು ಹತ್ತುವ ಬಸ್ಸಾದ್ದರಿಂದ ಅದು ಸ್ವಲ್ಪ ನಗುತ್ತಿರಬೇಕು. ಚುನಾವಣೆಗೆ ನಿಂತವರೊಬ್ಬರು ಗೋಡೆಯ ಮೇಲೆ ಬರೆಸಿದ್ದ ತಮ್ಮ ಪಕ್ಷದ ಗುರುತಿನ ಎತ್ತುಗಳನ್ನು ನೋಡಿ, ಇವಕ್ಕೆ ಮೈಯಲ್ಲಿ ಮಾಂಸ ಸಾಲದು, ಹೀಗಿದ್ದರೆ ವೋಟು ಬೀಳೋದಿಲ್ಲ ಎಂದರು.

"ನಮ್ಮ ತಾಲ್ಲೂಕಿನ ಎತ್ತು ಇರೋದೇ ಹಿಂಗೆ. ಗೆದ್ದ ಮೇಲೆ ನೀವು ಮೇವು ಹಾಕ್ಸಿ, ಆಮೇಲೆ ಬಂದು ತಿದ್ದಿ ಕೊಡ್ತೀನಿ" ಎಂದ ಭೂತಪ್ಪ.

ಅವರು ಗೆಲ್ಲಲಿಲ್ಲ. ಅದಕ್ಕೆ ಎತ್ತುಗಳೇ ಕಾರಣವೆಂದು ಅವರ ಕಡೆಯವರು ಬಹಳ ದಿನ ಹೇಳಿಕೊಂಡು ತಿರುಗಿದರು.

ಭೂತಪ್ಪನ ಊರು ಕೆರೆಕೊಪ್ಪ. ಶರಾವತಿಯ ದಂಡೆಯಿಂದ ಕೂಗಳತೆಯಲ್ಲಿದ್ದ ಮೂವತ್ತು ಮನೆಯ ದೀವರ ಕೇರಿ. ಈಗ ಅದು ಲಿಂಗನಮಕ್ಕಿ ಅಣೆಕಟ್ಟಿನ ನೀರಿನೊಳಗೆ ಎಷ್ಟೋ ಆಳದಲ್ಲಿದೆ. ಅವನ ತಾಯಿ ಕೆರಿಯಮ್ಮ ಮದುವೆ ಮನೆಯ ಗೋಡೆಗಳಿಗೆ ಹಸೆ ಚಿತ್ತಾರ ಬರೆಯುವುದರಲ್ಲಿ ಸುತ್ತಲಿಗೆಲ್ಲ ಹೆಸರಾದವಳು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಅರೆದ ಬಿಳಿ, ಪುಂಡಿ ನಾರಿನ ಕುಂಚ. ಗೆರೆ ಎಳೆಯುವಾಗ ಉಸಿರು ಬಿಗಿಹಿಡಿಯಬೇಕೆಂದು ಮಗ ಕಲಿತದ್ದು ಅವಳಿಂದಲೇ. ಆದರೆ ಚಿತ್ತಾರದಲ್ಲಿ ಯಾವ ಗೆರೆ ಎಲ್ಲಿ ಕೂರಬೇಕೆಂಬುದು ಅಜ್ಜಿಯಂದಿರ ಕಾಲಕ್ಕೇ ತೀರ್ಮಾನವಾಗಿದೆ. ಮಗನ ಹುಚ್ಚು ಬೇರೆ. ಅವನಿಗೆ ಕಂಡದ್ದನ್ನು ಕಂಡ ಹಾಗೆ ಬರೆಯಬೇಕು.

"ಕಂಡದ್ದು ಕಣ್ಣಿಗೇ ಕಾಣ್ತದಲ್ಲ, ಮತ್ತೆ ಬರೆಯೋದು ಎಂತಕ್ಕೆ?" ಎಂದು ಕೆರಿಯಮ್ಮ ಕೇಳುತ್ತಿದ್ದಳು. ಆಗ ಅವನಲ್ಲಿ ಉತ್ತರವಿರಲಿಲ್ಲ.

ಉತ್ತರ ಸರ್ಕಾರದಿಂದ ಬಂತು. ಊರು ಮುಳುಗಡೆಯಾಗುತ್ತದೆ, ಖಾಲಿ ಮಾಡಬೇಕು ಎಂದು ಮನೆಗೊಂದರಂತೆ ನೋಟೀಸು. ಊರಿನಲ್ಲಿ ಓದು ಬರುತ್ತಿದ್ದವರು ಕಡಿಮೆ. ಎಲ್ಲರೂ ಅದನ್ನು ಭೂತಪ್ಪನ ಕೈಗೆ ಕೊಟ್ಟು ಓದಿಸಿಕೊಂಡರು. ಓದಿದ್ದನ್ನು ಕೇಳಿದ ಮೇಲೆ ಆ ಕಾಗದ ವಾಪಸು ಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಒಂದು ಮಗ್ಗುಲು ಮಾತ್ರ ಅಚ್ಚಾಗಿತ್ತು. ಖಾಲಿ ಮಗ್ಗುಲಿನಲ್ಲಿ ಭೂತಪ್ಪ ಬಾತು ಬರೆಯತೊಡಗಿದ.

ಊರ ಕೆರೆಗೆ ಚಳಿಗಾಲದಲ್ಲಿ ಸಿಳ್ಳೆ ಬಾತುಗಳು ಬರುತ್ತಿದ್ದವು. ಕಂದು ಮೈ, ಕಪ್ಪು ರೆಕ್ಕೆ, ಊಟಕ್ಕೆ ಕರೆದಂತೆ ಒಂದೇ ಸಮ ಸಿಳ್ಳೆ. ನೋಡಲು ದೊಡ್ಡ ಚೆಲುವೆಯರೇನಲ್ಲ. ಭೂತಪ್ಪ ಸಾಗರದ ಅಂಗಡಿಗೆ ಬೀಗ ಹಾಕಿ ನಲವತ್ತು ಬೆಳಗು ಏರಿಯ ಮೇಲೆ ಕೂತ. ಬಾತು ಏಳುವುದು ಯಾವಾಗಲೂ ಗಾಳಿಗೆ ಎದುರಾಗಿ. ಎದ್ದ ಕ್ಷಣ ಕಾಲು ಎರಡೂ ಮರೆತುಹೋದಂತೆ ಜೋತಾಡುತ್ತವೆ, ಆಮೇಲೆ ಹಿಂದಕ್ಕೆ ಸೇರಿಕೊಳ್ಳುತ್ತವೆ. ಮುಂದಿನದು ಎದ್ದದ್ದಕ್ಕೆ ಹಿಂದಿನದು ಏಳುವುದಿಲ್ಲ. ಎಲ್ಲವಕ್ಕೂ ಒಟ್ಟಿಗೇ ಗೊತ್ತಾಗುತ್ತದೆ. ಇದನ್ನೆಲ್ಲ ಅವನು ಮೂವತ್ತು ನೋಟೀಸುಗಳ ಬೆನ್ನಿಗೆ ಇಳಿಸಿದ.

ನಲವತ್ತನೆಯ ಬೆಳಗು ಮರ ಕಡಿಯುವವರು ಬಂದರು. ನೀರು ನಿಲ್ಲುವ ಮೊದಲು ಕಾಡು ಬೋಳಾಗಬೇಕಲ್ಲ. ಮೊದಲ ಸರದಿ ಏರಿಯ ಮೇಲಿದ್ದ ಹೊನ್ನೆ ಮರದ್ದು. ಭೂತಪ್ಪ ಅದರಿಂದ ಇಪ್ಪತ್ತು ಮಾರು ದೂರದಲ್ಲಿ ನೀರಿಗೆ ಮುಖಮಾಡಿ ಕೂತಿದ್ದ. ಬೆನ್ನ ಹಿಂದೆ ಬುಡ ಲಟಕ್ಕೆಂದಿತು. ಬಿಸಿಲು ಹಿಂದಿನಿಂದ ಬೀಳುತ್ತಿದ್ದುದರಿಂದ ಮರದ ಉದ್ದನೆಯ ನೆರಳು ನೀರಿನ ಮೇಲೆ ಓರೆಯಾಗಿ ಜಾರಿತು. ಹನ್ನೊಂದು ಬಾತು ಎದ್ದು, ಹೊಳೆಯ ಕಡೆಯಿಂದ ಬರುತ್ತಿದ್ದ ಗಾಳಿಗೆ ಎದೆಕೊಟ್ಟು, ಏರಿಗೂ ಮರಕ್ಕೂ ಭೂತಪ್ಪನಿಗೂ ಬೆನ್ನು ತಿರುಗಿಸಿ ಹೋದವು. ಮತ್ತೆ ಅವು ಆ ಕೆರೆಗೆ ಬರಲಿಲ್ಲ. ಅರವತ್ನಾಲ್ಕರ ಮಳೆಗಾಲಕ್ಕೆ ಕೆರೆಯೂ ಇರಲಿಲ್ಲ. ಕೆರೆಕೊಪ್ಪದ ಅರ್ಧ ಜನ ಹೊಸನಗರದ ಆಚೆ, ಸರ್ಕಾರ ತೋರಿಸಿದ ಜಾಗದಲ್ಲಿ ಶೀಟಿನ ಮಾಡು ಹಾಕಿಕೊಂಡರು. ಕೆರಿಯಮ್ಮನೂ ಕಿರಿಮಗ ಮಾಸ್ತಪ್ಪನ ಜೊತೆ ಅಲ್ಲಿಗೇ ಹೋದಳು.

ಅರವತ್ತೇಳರಲ್ಲಿ ಹೊಸನಗರದ ಮಲೆಸೀಮೆ ಮಿತ್ರ ಮಂಡಳಿಗೆ ಸ್ವಂತ ಹಾಲ್ ಆಯಿತು. ಈ ಮಂಡಳಿಯಲ್ಲಿ ಇದ್ದದ್ದು ಎರಡು ದಿನಪತ್ರಿಕೆ, ಒಂದು ಕೇರಂ ಬೋರ್ಡು ಮತ್ತು ಹನ್ನೆರಡು ಪದಾಧಿಕಾರಿಗಳು. ಬರೀ ಸದಸ್ಯರು ಯಾರೂ ಇರಲಿಲ್ಲ. ಅಧ್ಯಕ್ಷರು ಹೂವಯ್ಯಗೌಡರು, ತೀರ್ಥಹಳ್ಳಿ ಕಡೆಯ ದೊಡ್ಡ ಹಿಡುವಳಿ ಮನೆಯವರು. ಇನ್ನೂ ಮೂರು ಕಡೆ ಅಧ್ಯಕ್ಷರಾಗಿದ್ದುದರಿಂದ ಅವರಿಗೆ ಎಲ್ಲಿ ಕೂತರೂ ಕುರ್ಚಿ ನಡುವಿಗೇ ಬರುತ್ತಿತ್ತು. ಹಾಲಿನ ಉದ್ಘಾಟನೆಗೆ ಮಂತ್ರಿಗಳು ಬರುವವರಿದ್ದರು. ಅಧ್ಯಕ್ಷರ ಕುರ್ಚಿಯ ಹಿಂದಿನ ಗೋಡೆ ಬೋಳಾಗಿತ್ತು. ಗೌಡರು ಖುದ್ದಾಗಿ ಸಾಗರಕ್ಕೆ ಬಂದರು.

"ನೋಡು ಭೂತಪ್ಪ, ಒಂದು ಕಾಫಿ ತೋಟದ ಬಂಗಲೇಲಿ ದೊರೆಗಳ ಕಾಲದ ಚಿತ್ರ ಕಂಡೆ. ನೀರಿಂದ ಬಾತು ಏಳ್ತಾ ಇದಾವೆ. ರೆಕ್ಕೆ ಕೊಡವಿದ ನೀರು ಮುಖಕ್ಕೇ ಸಿಡೀತದೆ. ನಾನು ವಲ್ಲೀಲಿ ಮುಖ ಒರೆಸ್ಕೊಂಡೆ ಅಂದ್ರೆ ನಂಬು. ಅಂಥಾದ್ದೊಂದು ಬೇಕು. ನ್ಯಾಚುರಲ್ ಇರ್ಬೇಕು."

"ನ್ಯಾಚುರಲ್ ಅಂದ್ರೆ ಇದ್ದ ಹಂಗೇ ಇರ್ತದೆ ಗೌಡ್ರೆ. ಆಮೇಲೆ ಚೆಂದ ಮಾಡು ಅನ್ನಬಾರ್ದು."

"ನಾನ್ಯಾಕೆ ಅನ್ಲಿ? ನಾನು ಕಲೆ ತಿಳಿದೋನು."

ಆ ಕೊನೆಯ ಮಾತಿಗೆ ಭೂತಪ್ಪ ಎಚ್ಚರವಾಗಬೇಕಿತ್ತು. ಆದರೆ ಅಂಗಡಿ ತೆರೆದಂದಿನಿಂದ ನ್ಯಾಚುರಲ್ ಬೇಕು ಎಂದು ಬಾಯಿಬಿಟ್ಟು ಕೇಳಿದ ಮೊದಲ ಮನುಷ್ಯ ಇವರು. ಅವನ ಸಿಟ್ಟು ಹಾಗೇ ಕೂತುಬಿಟ್ಟಿತು. ಬರೆದು ಕೊಡಬೇಕಾದ ಬೋರ್ಡುಗಳನ್ನೆಲ್ಲ ಗೋಡೆಗೆ ಮುಖಮಾಡಿ ನಿಲ್ಲಿಸಿ, ಎಂಟಡಿ ಅಗಲದ ಕ್ಯಾನ್ವಾಸು ಬಿಗಿದು, ಮೂವತ್ತು ನೋಟೀಸುಗಳನ್ನು ಸುತ್ತ ಹರಡಿಕೊಂಡು ಕೂತ. ಒಂದೊಂದು ಗರಿಯನ್ನೂ ಆ ಕಾಗದಗಳಿಗೆ ಕೇಳಿ ಬರೆದ. ಆ ಕೆರೆಯನ್ನು ಹೋಗಿ ಇನ್ನೊಮ್ಮೆ ನೋಡಿಕೊಂಡು ಬರುವ ಹಾಗಿರಲಿಲ್ಲ. ಈ ಕಾಗದಗಳಲ್ಲಿ ಇದ್ದಷ್ಟೇ ಇತ್ತು. ಒಂದು ಸುಳ್ಳು ಗೆರೆ ಬಿದ್ದರೆ ಅದು ಸುಳ್ಳೆಂದು ಹೇಳಲು ಇನ್ನು ಯಾವ ಸಾಕ್ಷಿಯೂ ಇಲ್ಲ. ಎರಡು ತಿಂಗಳಾಯಿತು. ಬಣ್ಣ ಗಟ್ಟಿಯಾಗಿ ಒಣಗಿದ ಮೇಲೆ ಚಿತ್ರವನ್ನು ಕಂಬಳಿಯಲ್ಲಿ ಸುತ್ತಿ, ಬಸ್ಸಿನ ಟಾಪಿಗೆ ಕಟ್ಟಿ, ಉದ್ಘಾಟನೆಗೆ ಎಂಟು ದಿನವಿರುವಾಗ ಹೊಸನಗರಕ್ಕೆ ತಂದ.

ಹನ್ನೆರಡು ಪದಾಧಿಕಾರಿಗಳೂ ಕೈಕಟ್ಟಿ ಚಿತ್ರದ ಎದುರು ನಿಂತರು. ಖಜಾಂಚಿ ಹುಲಿಯಪ್ಪನವರು ಬಹಳ ಹೊತ್ತು ನೋಡಿ, "ಇವು ಹದ್ದಾ?" ಎಂದು ಕೇಳಿದರು.

"ಬಾತು."

"ಬಾತು ಬಿಳೀದಲ್ವಾ?"

"ಕ್ಯಾಲೆಂಡರಿನಲ್ಲಿ ಬಿಳೀದು. ಕೆರೇಲಿ ಹಿಂಗೇ."

ಅಷ್ಟರಲ್ಲಿ ಯಾರೋ ಎಣಿಸಿ ಮುಗಿಸಿದ್ದರು. "ಹನ್ನೊಂದಿದಾವಲ್ಲ. ನಾವು ಹನ್ನೆರಡು ಜನ." ಅಲ್ಲಿಂದ ಮುಂದೆ ಚಿತ್ರ ಕೆಟ್ಟಿತು. ಎಲ್ಲಕ್ಕಿಂತ ಮೇಲೆ ಏರಿದ್ದ ಬಾತು ಅಧ್ಯಕ್ಷರು ಎಂಬುದು ಚರ್ಚೆಯಿಲ್ಲದೆ ತೀರ್ಮಾನವಾಯಿತು. ಅದರ ಪಕ್ಕದ್ದು ಯಾರೆಂಬುದಕ್ಕೆ ಉಪಾಧ್ಯಕ್ಷರಿಬ್ಬರಲ್ಲಿ ಮಾತು ಬೆಳೆಯಿತು. ಇನ್ನೂ ಅರ್ಧ ನೀರಿನಲ್ಲೇ ಇದ್ದು ಕಾಲು ಜೋತಾಡಿಸುತ್ತಿದ್ದ ಕಡೆಯ ಬಾತನ್ನು ಎಲ್ಲರೂ ಹುಲಿಯಪ್ಪನವರಿಗೆ ಬಿಟ್ಟುಕೊಟ್ಟರು. "ನಾನು ಮಂಡಳಿಗೆ ಬಂದು ಎಂಟು ವರ್ಷ ಆಯ್ತು, ಈಗ್ಲೂ ನೀರಲ್ಲೇ ಇರ್ಬೇಕಾ?" ಎಂದರು ಅವರು. ಅವರ ದನಿಯಲ್ಲಿ ನಿಜವಾದ ನೋವಿತ್ತು.

ಗೌಡರು ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. "ಅದೆಲ್ಲ ಆಮೇಲೆ. ಭೂತಪ್ಪ, ಬಹಳ ನ್ಯಾಚುರಲ್ ಇದೆ. ಒಂದೇ ಒಂದು ಕೊರತೆ. ಇವು ನಮಗೆ ಬೆನ್ನು ಹಾಕಿ ಹೋಗ್ತಾ ಇದಾವೆ. ಕೆಳಗೆ ನಾನು ಕೂತಿರ್ತೀನಿ, ಪಕ್ಕದಲ್ಲಿ ಮಂತ್ರಿಗಳು. ನಮ್ಮನ್ನ ನೋಡಿ ಎದ್ದು ಓಡಿದ ಹಾಗೆ ಕಾಣ್ತದೆ. ಈ ಕಡೆ ತಿರುಗಿಸಿಬಿಡು."

"ಗಾಳಿ ಆ ಕಡೆಯಿಂದ ಗೌಡ್ರೆ. ಬಾತು ಏಳೋದು ಗಾಳಿಗೆ ಎದುರು."

"ಚಿತ್ರದಲ್ಲಿ ಗಾಳಿ ಎಲ್ಲಿದೆ?"

"ಜೊಂಡು ನೋಡಿ. ಈ ಕಡೆ ಬಗ್ಗಿದೆ."

"ಹಾಗಾದ್ರೆ ಜೊಂಡನ್ನೂ ತಿರುಗಿಸು." ಗೌಡರು ಇನ್ನಷ್ಟು ಹತ್ತಿರ ಬಗ್ಗಿದರು. "ಇಲ್ಲಿ ನೀರಿನ ಮೇಲೆ ಕಪ್ಪಗೆ ಏನಿದು? ಬಣ್ಣ ಚೆಲ್ಲಿದೆಯಾ?"

"ನೆರಳು. ಹೊನ್ನೆ ಮರ ಬೀಳೋದು. ಅದಕ್ಕೇ ಅವು ಎದ್ದಿದ್ದು. ನಮ್ಮೂರು ಕೆರೆಕೊಪ್ಪದ ಏರಿ ಮೇಲೆ ಇತ್ತು."

ಗೌಡರ ಮುಖ ಅರಳಿತು. ಹಳೇ ನೆಂಟನ ಮನೆ ಸಿಕ್ಕ ಹಾಗೆ ಭೂತಪ್ಪನ ಹೆಗಲ ಮೇಲೆ ಕೈಹಾಕಿದರು. "ಕೆರೆಕೊಪ್ಪದ ಏರಿ ಹೊನ್ನೆಯಾ? ಅದು ನನ್ನ ಕೂಪು ಮಾರಾಯ. ಆ ಕಡೆಯ ಮರ ಕಡಿಯೋ ಗುತ್ತಿಗೆ ಪೂರ್ತಿ ನಾನೇ ಹಿಡಿದಿದ್ದೆ. ಮೊದಲ ಮರ ಅದನ್ನೇ ಹಾಕಿಸಿದ್ದು, ಪೂಜೆ ಮಾಡಿಸಿ. ಏನು ತಿರುಳು ಅಂತೀಯ. ಇಗೋ, ಈ ಕುರ್ಚಿ ಅದರದ್ದೇ."

ನಡುವಿನ ಕುರ್ಚಿಯನ್ನು ಭೂತಪ್ಪ ನೋಡಿದ. ಕೈಯಿಡುವಲ್ಲಿ ಸಿಂಹದ ಮುಖ ಕೆತ್ತಿದ್ದರು. ಆ ಸಿಂಹವೂ ಸ್ವಲ್ಪ ನಗುತ್ತಿತ್ತು. ದೋಸೆಯವನ ಮೇಲೆ, ಬಸ್ಸಿನವನ ಮೇಲೆ, ಎತ್ತಿನವನ ಮೇಲೆ ಇಷ್ಟು ವರ್ಷ ಖರ್ಚುಮಾಡಿದ ಸಿಟ್ಟೆಲ್ಲ ಚಿಲ್ಲರೆಯೆಂದು ಅವನಿಗೆ ಆಗ ಗೊತ್ತಾಯಿತು. ಗೌಡರಲ್ಲಿ ಕೆಟ್ಟ ಮನಸ್ಸೇನೂ ಇರಲಿಲ್ಲ. ಅದನ್ನೇ ಅವನಿಗೆ ತಡೆದುಕೊಳ್ಳಲಾಗಲಿಲ್ಲ. ಸಂತೋಷದಿಂದ ಹೇಳುತ್ತಿದ್ದರು.

"ಒಂದು ಗರಿಯನ್ನೂ ಮುಟ್ಟಲ್ಲ" ಎಂದ. "ಬೇಕಾದ್ರೆ ಹಾಕ್ಕೊಳ್ಳಿ, ಬೇಡದಿದ್ರೆ ಈಗ್ಲೇ ಕಟ್ಕೊಂಡು ಹೋಗ್ತೀನಿ."

ನಡುವೆ ಬಂದವರು ಕಾರ್ಯದರ್ಶಿ ಗೋಪಾಲಪ್ಪ ಮೇಷ್ಟ್ರು. ಶಾಲೆಯಲ್ಲಿ ಡ್ರಾಯಿಂಗ್ ಹೇಳಿಕೊಡುತ್ತಿದ್ದರು. ಯಾರಿಗೂ ಬೇಸರವಾಗಬಾರದು ಎಂಬುದು ಅವರ ಜೀವನದ ಸಿದ್ಧಾಂತ. ಅದರಿಂದಾಗಿ ಅವರಿಂದ ಬೇಸರಪಟ್ಟುಕೊಳ್ಳದವರು ಊರಲ್ಲಿ ಕಡಿಮೆ. ಭೂತಪ್ಪನನ್ನು ಹೊರಗೆ ಕರೆದುಕೊಂಡು ಹೋಗಿ, "ಚಿತ್ರ ಇಲ್ಲೇ ಇರ್ಲಿ. ಗೌಡರಿಗೆ ನಾನು ಹೇಳಿ ಸರಿಮಾಡ್ತೀನಿ. ಉದ್ಘಾಟನೆ ದಿನ ಬಾ, ನಿನಗೇ ಖುಷಿ ಆಗ್ತದೆ" ಎಂದರು. ಸಾಗರದ ಕಡೆಯ ಬಸ್ಸು ಹೊರಡುವುದರಲ್ಲಿತ್ತು. ಭೂತಪ್ಪ ನಂಬಿದ.

ಉದ್ಘಾಟನೆಯ ಬೆಳಗ್ಗೆ ಅವನು ನೇರ ಹಾಲಿಗೆ ಹೋಗದೆ ಮೊದಲು ಶೀಟಿನ ಮನೆಗಳ ಕಡೆ ಹೋದ. "ಅವ್ವ, ಬಾ, ಒಂದು ತೋರಿಸ್ತೀನಿ."

"ಎಂತ ತೋರಿಸ್ತೀಯ? ಮಂತ್ರಿನಾ?" ಎಂದಳು ಕೆರಿಯಮ್ಮ. ಆದರೂ ಒಗೆದ ಸೀರೆ ಉಟ್ಟು ಹೊರಟಳು.

ಹಾಲಿನಲ್ಲಿ ಇನ್ನೂ ಜನ ಸೇರಿರಲಿಲ್ಲ. ವೇದಿಕೆಯ ಹಿಂದಿನ ಗೋಡೆಯಲ್ಲಿ ಚಿತ್ರ ತೂಗುತ್ತಿತ್ತು. ಭೂತಪ್ಪ ಬಾಗಿಲಲ್ಲೇ ನಿಂತ.

ಬಾತುಗಳು ಹನ್ನೆರಡಾಗಿದ್ದವು. ಎಲ್ಲ ಬಿಳೀ. ಮೈ, ರೆಕ್ಕೆ, ಜೋತಾಡುವ ಕಾಲು ಎಲ್ಲ ಮೊದಲಿನ ಹಾಗೇ ಆ ಕಡೆಗೇ ಹೋಗುತ್ತಿದ್ದವು. ಮುಖ ಮಾತ್ರ ಈ ಕಡೆ. ಹನ್ನೆರಡೂ ಕತ್ತನ್ನು ಪೂರ್ತಿ ಹಿಂದಕ್ಕೆ ಹೊರಳಿಸಿ, ಹೊರಟ ಬಸ್ಸಿನ ಕಿಟಕಿಯಿಂದ ಬೀಗರನ್ನು ನೋಡುವವರ ಹಾಗೆ, ಅಧ್ಯಕ್ಷರ ಕುರ್ಚಿಯನ್ನೇ ನೋಡುತ್ತಿದ್ದವು. ನೆರಳಿದ್ದ ಜಾಗದಲ್ಲಿ ಮೂರು ಕಮಲ ಅರಳಿದ್ದವು.

ಕೆರಿಯಮ್ಮ ಕಣ್ಣು ಕಿರಿದು ಮಾಡಿ ಮುಂದೆ ಹೋದಳು. "ಇದು ನಮ್ಮ ಕೆರೆ. ತೂಬಿನ ಕಲ್ಲು ವಾಲಿದ್ದು ಹಂಗೇ ಇದೆ. ಆಚೆ ದಡದಲ್ಲಿ ನೇರಳೆ ಮರ." ಆಮೇಲೆ ಕೇಳಿದಳು, "ಈ ಬಿಳೀ ಕೋಳಿ ಯಾರದ್ದು ಭೂತ? ನಮ್ಮೂರಲ್ಲಿ ಯಾರೂ ಸಾಕಿರ್ಲಿಲ್ಲವಲ್ಲ."

ಗೋಪಾಲಪ್ಪ ಮೇಷ್ಟ್ರು ಹೂವಿನ ಹಾರ ಹಿಡಿದುಕೊಂಡು ಓಡಿಬಂದರು. "ಮೈ ನಾನು ತಿರುಗಿಸಿಲ್ಲ ಭೂತಪ್ಪ. ಗಾಳಿ ವಿಷಯ ನೀನು ಹೇಳಿದ್ದು ನೆನಪಿತ್ತು. ಕತ್ತು ಮಾತ್ರ ತಿರುಗಿಸಿದೀನಿ. ನಿನ್ನ ಮಾತೂ ಉಳೀತು, ಗೌಡರ ಮಾತೂ ಉಳೀತು."

"ಮೇಷ್ಟ್ರೆ, ಕತ್ತು ಹಿಂಗೆ ತಿರುಗಿಸಿದ ಮೇಲೆ ಬಾತು ಉಳೀತದಾ?"

ಮೇಷ್ಟ್ರು ಅದನ್ನು ಯೋಚಿಸಿರಲಿಲ್ಲ.

ಭೂತಪ್ಪ ವೇದಿಕೆ ಹತ್ತಿ ಕಡೆಯ ಬಾತಿನ ಮೈಮೇಲೆ ಬೆರಳು ಎಳೆದ. ಬೆರಳಿಗೆ ಬಿಳೀ ಪುಡಿ ಹತ್ತಿತು. ಶಾಲೆಯ ಪುಡಿ ಬಣ್ಣಕ್ಕೆ ಗೋಂದು ಕಲಸಿ ಬಳಿದಿದ್ದರು. ಕೆಳಗೆ ಅವನ ಎಣ್ಣೆ ಬಣ್ಣ ಕಲ್ಲಿನ ಹಾಗೆ ಕೂತಿತ್ತು. ಮೇಜಿನ ಮೇಲೆ ಮಂತ್ರಿಗಳಿಗೆಂದು ಇಟ್ಟಿದ್ದ ನೀರಿನ ಜಗ್ಗನ್ನು ಎತ್ತಿ ತಾಯಿಯ ಕೈಗೆ ಕೊಟ್ಟ. "ಹಿಡ್ಕೊ ಅವ್ವ, ನಾನು ಕೇಳ್ದಾಗ ಕೊಡು." ಹೆಗಲ ಟವೆಲ್ಲು ನೆನೆಸಿಕೊಂಡು, ಚಪ್ಪಲಿ ಕಾಲಲ್ಲೇ ಹೊನ್ನೆಯ ಕುರ್ಚಿಯನ್ನು ಹತ್ತಿ ನಿಂತ.

"ಭೂತಪ್ಪ, ಅದು ಅಧ್ಯಕ್ಷರ ಕುರ್ಚಿ" ಎಂದರು ಮೇಷ್ಟ್ರು.

"ನಮ್ಮೂರ ಮರ. ನಾನು ಹುಟ್ಟಿದಾಗಿಂದ ಹತ್ತಿದೀನಿ."

ಮೊದಲು ಅಧ್ಯಕ್ಷರೇ ಹೋದರು. ಒಂದು ಎಳೆತಕ್ಕೆ ತಿರುಗಿದ ಕತ್ತು ಕರಗಿ, ಕೆಳಗಿನ ಕಂದು ಕತ್ತು ಗಾಳಿಗೆ ಚಾಚಿಕೊಂಡು ಹೊರಬಂತು. ಆಮೇಲೆ ಉಪಾಧ್ಯಕ್ಷರು. ಹನ್ನೆರಡನೆಯದಕ್ಕೆ ಕೆಳಗೆ ಏನೂ ಇರಲಿಲ್ಲ, ಬರೀ ಆಕಾಶ ಬಂತು. ಸುಣ್ಣದಂಥ ನೀರು ಗೋಡೆಯ ಮೇಲಿಂದ ಇಳಿದು ಕುರ್ಚಿಯ ಮಖಮಲ್ಲಿಗೆ ಸೇರುತ್ತಿತ್ತು. ಕೆರಿಯಮ್ಮ ಜಗ್ಗು ಮೇಲೆತ್ತಿ ಕೊಡುತ್ತ, "ಅಲ್ಲಿ ಒಂದು ಕಣ್ಣು ಉಳೀತು ನೋಡು, ಇನ್ನೂ ನೋಡ್ತಾ ಇದೆ" ಎನ್ನುತ್ತಿದ್ದಳು.

ಗೌಡರು ಬಂದಾಗ ಅವನು ಕಮಲ ಒರೆಸುತ್ತಿದ್ದ. ಗೌಡರು ಕೂಗಾಡಲಿಲ್ಲ. ಮಂತ್ರಿಗಳು ಬರುವ ಹೊತ್ತಾದ್ದರಿಂದ ಮುಖದಲ್ಲಿ ಸ್ವಾಗತದ ನಗು ಆಗಲೇ ಸಿದ್ಧವಾಗಿತ್ತು, ಅದನ್ನು ಎಲ್ಲಿಡುವುದೆಂದು ತಿಳಿಯದೆ ಹಾಗೇ ನಿಂತರು. ಆಮೇಲೆ, ಯಾವತ್ತೂ ಅವನಿಗೆ ಕೊಡದ ಬಹುವಚನ ಕೊಟ್ಟು, "ಇಳೀರಿ ಸ್ವಾಮಿ. ಕಲಾವಿದರು ಇಳೀಬೇಕು" ಎಂದರು.

"ಇಳೀತೀನಿ. ನ್ಯಾಚುರಲ್ ಕೇಳಿದ್ರಿ, ಕೊಟ್ಟೆ. ಇವು ನಿಮ್ಮ ಕೊಡಲಿ ಸದ್ದಿಗೆ ಎದ್ದು ಹೋದ ಬಾತು ಗೌಡ್ರೆ. ನಿಮ್ಮ ಕಡೆ ಹೆಂಗೆ ತಿರುಗ್ತವೆ?"

"ನಾನು ಕಡಿಸದಿದ್ರೆ ಇನ್ನೊಬ್ಬ ಕಡಿಸ್ತಿದ್ದ. ನೀರು ಬರೋದು ಬರ್ತಿತ್ತು."

"ಹೌದು. ಆಗ ಇನ್ನೊಬ್ಬನಿಗೆ ಬೆನ್ನು ಹಾಕ್ತಿದ್ವು."

ಗೌಡರು ಒಮ್ಮೆ ಚಿತ್ರವನ್ನು ನೋಡಿದರು. ಹನ್ನೊಂದು ಬಾತೂ ಮೈತೊಳೆದು ನೀರು ಸುರಿಸುತ್ತ ಅವರಿಂದ ದೂರ ಹೋಗುತ್ತಿದ್ದವು, ಕಾಫಿ ಬಂಗಲೆಯದಕ್ಕಿಂತ ನ್ಯಾಚುರಲ್ಲಾಗಿ. "ತಗೊಂಡ್ ಹೋಗು" ಎಂದು ಮತ್ತೆ ಏಕವಚನಕ್ಕೆ ಬಂದರು.

ಆ ದಿನದ ಫೋಟೋದಲ್ಲಿ ಹಿಂದಿನ ಗೋಡೆಯ ಮೇಲೆ ಒಂದು ಮೊಳೆ ಮಾತ್ರ ಇದೆ. ಎಲ್ಲರೂ ಕೂತಿದ್ದಾರೆ, ಅಧ್ಯಕ್ಷರೊಬ್ಬರು ನಿಂತಿದ್ದಾರೆ, ಕುರ್ಚಿ ಒದ್ದೆಯಾದ್ದರಿಂದ. ಮಂತ್ರಿಗಳು ಭಾಷಣದಲ್ಲಿ ಅಧ್ಯಕ್ಷರ ವಿನಯವನ್ನು ಬಹಳ ಹೊಗಳಿದರಂತೆ.

ಮಾಸ್ತಪ್ಪನನ್ನು ಕರೆಸಿಕೊಂಡು, ಅಣ್ಣ ತಮ್ಮ ಇಬ್ಬರೂ ಹಿಂದೆ ಮುಂದೆ ಹಿಡಿದು ಚಿತ್ರವನ್ನು ಶೀಟಿನ ಮನೆಗೆ ತಂದರು. ಎಂಟಡಿಯ ಚಿತ್ರ ಬಾಗಿಲಲ್ಲಿ ಹಿಡಿಸಲಿಲ್ಲ. ಹೊರಗೋಡೆಗೆ ಒರಗಿಸಿದರು. ಕೆರೆಕೊಪ್ಪದ ಜನ ಒಬ್ಬೊಬ್ಬರಾಗಿ ಬಂದು ನಿಂತರು. ಯಾರೂ ಬಾತುಗಳನ್ನು ಎಣಿಸಲಿಲ್ಲ. ಇಲ್ಲಿ ನಮ್ಮ ಎಮ್ಮೆ ಇಳೀತಿತ್ತು, ಅಲ್ಲಿ ಕನ್ನಪ್ಪ ಜಾರಿ ಬಿದ್ದಿದ್ದ ಎಂದು ಬೆರಳು ತೋರಿಸಿದರು. ನೆರಳಿನ ಹತ್ತಿರ ಬಂದಾಗ ಅದು ಯಾವ ಮರದ್ದೆಂದು ಯಾರಿಗೂ ಹೇಳಬೇಕಾಗಲಿಲ್ಲ.

ಕೆರಿಯಮ್ಮ ಎಲ್ಲರಿಗಿಂತ ಹೆಚ್ಚು ಹೊತ್ತು ನಿಂತಳು. "ನನ್ನ ಬಟ್ಟೆ ಒಗೆಯೋ ಕಲ್ಲು ಎಲ್ಲಿ?" ಎಂದು ಕೇಳಿದಳು.

"ಅದು ಏರಿ ಬುಡದಲ್ಲಿ. ನಾನು ಕೂತಲ್ಲಿಂದ ಕಾಣ್ತಿರ್ಲಿಲ್ಲ."

"ಕಾಣದಿದ್ರೆ ಎಂತ? ಇತ್ತಲ್ಲ. ಈ ಮೂಲೇಲಿ ಬರಿ. ಇಪ್ಪತ್ತೈದು ವರ್ಷ ಒಗೆದಿದೀನಿ."

ಭೂತಪ್ಪ ಚಿತ್ರದ ಮೂಲೆಯನ್ನು ನೋಡಿದ. ಒಂದು ಕಲ್ಲಿಗೆ ಜಾಗ ಇತ್ತು. ಯಾರಿಗೂ ತಿಳಿಯುತ್ತಿರಲಿಲ್ಲ.

"ಆಗಲ್ಲ ಅವ್ವ. ಆ ಕಲ್ಲನ್ನ ನಾನು ಬರ್ಕೊಂಡಿಲ್ಲ. ಯಾವ ಮಗ್ಗುಲು ಸವೆದಿತ್ತು, ಎಷ್ಟು ಸವೆದಿತ್ತು, ಒಂದೂ ಬರ್ಕೊಂಡಿಲ್ಲ. ಈಗ ಎಲ್ಲಿ ಹೋಗಿ ನೋಡ್ಲಿ?"

"ಹೋಗಿ ಆ ಕೂಪಿನ ಗೌಡನ್ನ ಕೇಳು" ಎಂದಳು ಕೆರಿಯಮ್ಮ. ಒಳಗೆ ಹೋಗಿ ಪಾತ್ರೆಗಳನ್ನು ಬೇಕಾದ್ದಕ್ಕಿಂತ ಜೋರಾಗಿ ಎತ್ತಿಡತೊಡಗಿದಳು. ಮಗನೊಡನೆ ಆ ಯುಗಾದಿಯವರೆಗೂ ಅವಳು ಮಾತಾಡಲಿಲ್ಲ. ಮೂಲೆ ಹಾಗೇ ಖಾಲಿ ಉಳಿಯಿತು.